ಲಿಗಾಯಳ ಮನೆ ಎದ್ದು ನಡೆದ ದಿನ

ಹೋದ ವರ್ಷ ಮೇ ತಿಂಗಳ ಕೊನೆಯ ಶುಕ್ರವಾರ. ಕಡಲಂಚಿನ ನಾವುಂದದ ನಮ್ಮ ಮನೆಯಲ್ಲಿ ಎಂದಿನ ಬೆಳಗು. ಗಂಜಿಗೆ ಅಕ್ಕಿ ಹಾಕಿ, ಮೀನಿನವಳ ಕೂಗಿಗೆ ಒಂದು ಕಿವಿ ಕೊಟ್ಟುಕೊಂಡು ಬಟ್ಟೆ ಹರವುತ್ತಿದ್ದೆ. ಹಿತ್ತಲಲ್ಲಿ ನನ್ನ ಓರಗಿತ್ತಿ ಲಿಗಾಯ ತನ್ನ ಪುಟ್ಟ ಮನೆಯನ್ನು ಗುಡಿಸುತ್ತಿದ್ದಳು.

ಲಿಗಾಯ ಫಿಲಿಪ್ಪೀನ್ಸಿನವಳು. ಹಡಗಿನಲ್ಲಿ ದುಡಿಯುವ ನನ್ನ ಮೈದುನ ಅವಳನ್ನು ಮದುವೆಯಾಗಿ ಕರೆತಂದು ಆರು ವರ್ಷ. ಅವಳ ತಾಯಿ ಮೊದಲ ಸಲ, ಆ ಭಾನುವಾರ ಬರುವವರಿದ್ದರು. ಅಮ್ಮನನ್ನು ತಮ್ಮೂರಿನಂಥ ಮನೆಯಲ್ಲೇ ಮಲಗಿಸಬೇಕೆಂದು ತಿಂಗಳಿಡೀ ಕೂತು ಕಟ್ಟಿದ್ದಳು. ಕಲ್ಲುಗಳ ಮೇಲೆ ನಿಂತ ಆರು ಬಿದಿರ ಕಂಬ, ಸೊಂಟದೆತ್ತರಕ್ಕೆ ಸೀಳುಬಿದಿರಿನ ನೆಲ, ಹತ್ತಲು ಪುಟ್ಟ ಏಣಿ, ಕೋಲು ಕೊಟ್ಟು ಎತ್ತಿ ನಿಲ್ಲಿಸುವ ಕಿಟಕಿ, ಮೇಲೆ ಹೆಣೆದ ತೆಂಗಿನ ಮಡಲು. ಒಂದು ಮೊಳೆಯಿಲ್ಲ, ಎಲ್ಲ ಹುರಿಹಗ್ಗದ ಕಟ್ಟು. ಗುಡಿಸಿದ ಕಸ ನೆಲದ ಸಂದಿನಲ್ಲೇ ಕೆಳಗೆ ಉದುರುವುದನ್ನು ನೋಡುವುದೇ ನನಗೊಂದು ಚಂದ.

ಅಷ್ಟರಲ್ಲಿ ಕಡಲ ಕಡೆಯಿಂದ "ಐಸಾ!" ಎಂಬ ಕೂಗು ಕೇಳಿಸಿತು. ಮಳೆಗಾಲಕ್ಕೆ ಮೊದಲು ದೋಣಿಯನ್ನು ಹೆಗಲ ಮೇಲೆ ಹೊತ್ತು ತಂದು ಚಪ್ಪರದಡಿ ಇಡುವುದು ವಾಡಿಕೆ. ಮೀನುಗಾರ ಶೀನಣ್ಣನ ದೋಣಿ ಬರುವುದು ನಮ್ಮ ಹಿತ್ತಲಿನಿಂದಲೇ. ಅದು ನನಗೆ ಮರೆತೇ ಹೋಗಿತ್ತು. ಲಿಗಾಯಳಿಗೆ ಜಾಗ ತೋರಿಸಿದವಳು ನಾನು!

"ಹ್ವಾಯ್, ಎಂತ ಇದ್? ದೋಣಿ ಹೋಪ್ ದಾರಿಯಂಗೆ ಮನಿ ಕಟ್ಟಿದ್ರಿಯಾ?" ದೋಣಿ ಇಳಿಸಿ ಶೀನಣ್ಣ ಕೇಳಿದರು. "ಬಿಚ್ಚಿ ತೆಗೀರಿ ಕಾಂಬ. ಮಳಿ ಇವತ್ತೋ ನಾಳೆಯೋ ಅಂತಿತ್ತ್."

ಬಿಚ್ಚಿದರೆ ಎರಡು ದಿನದಲ್ಲಿ ಮತ್ತೆ ಕಟ್ಟಲಾಗದು. ಲಿಗಾಯ ಪೊರಕೆ ಕೆಳಗಿಟ್ಟು ಬಂದಳು.

"ಬಿಚ್ಚುದ್ ಬ್ಯಾಡ ಅಣ್ಣ. ಹೊತ್ಕಂಡ್ ಹೋಪ."

"ಮನಿಯನ್ನಾ?"

"ದೋಣಿ ಹೊರುಕೆ ಆತ್ತ್, ಮನಿ ಹೊರುಕೆ ಆತ್ತಿಲ್ಯಾ?"

ಬೇಲಿಯಾಚೆ ನೆರೆಮನೆಯ ಗುಲಾಬಿಯಕ್ಕ ಸೆರಗು ಬಾಯಿಗಿಟ್ಟು ನಕ್ಕರು. ತಮ್ಮೂರಲ್ಲಿ ಮನೆ ಬದಲಿಸುವವರಿಗೆ ನೆರೆಯವರೆಲ್ಲ ಸೇರಿ ಮನೆಯನ್ನೇ ಹೊತ್ತುಕೊಡುತ್ತಾರೆ ಎಂದು ಲಿಗಾಯ ಹೇಳಿದಾಗ ಶೀನಣ್ಣನ ಮುಖ ಅರಳಿತು. ಅವರೂ ಜೊತೆಯವರೂ ದೋಣಿ ಹೊರುವ ಗಳಗಳನ್ನು ನೆಲದಡಿ ತೂರಿಸಿ ಕಂಬಗಳಿಗೆ ಬಿಗಿದರು. ಹದಿನಾರು ಹೆಗಲು. "ಐಸಾ!"

ಐದು ಕಂಬ ಎದ್ದವು. ಆರನೆಯದು ಏಳಲಿಲ್ಲ. ಮನೆ ವಾಲಿತು, ಏಣಿ ಜಾರಿ ಬಿತ್ತು.

ನಾನು ಹೇಳಲೇಬೇಕಾಯಿತು. ಗಾಳಿಗೆ ಹಾರಿಹೋದೀತೆಂದು ಹೆದರಿ, ಅವಳಿಗೆ ತಿಳಿಸದೆ, ಮೇಸ್ತ್ರಿಯಿಂದ ಆ ಕಂಬದ ಬುಡಕ್ಕೆ ಸಿಮೆಂಟು ಹಾಕಿಸಿ ಮಣ್ಣು ಮುಚ್ಚಿಸಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ತಪ್ಪು ಒಪ್ಪಿಕೊಂಡಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ.

"ಅಕ್ಕ ಮನಿಗೂ ಲಂಗ್ರ್ ಹಾಕ್ಸಿರ್ ಮಾರಾಯ್ರೆ!" ಎಂದರು ಶೀನಣ್ಣ. ಎಲ್ಲರೂ ನಕ್ಕರು. ಲಿಗಾಯ ನನ್ನನ್ನೇ ಒಂದು ಗಳಿಗೆ ನೋಡಿ, ತಾನೂ ನಕ್ಕು, ನನ್ನ ಕೈಗೇ ಹಾರೆ ಕೊಟ್ಟಳು. ಮೊದಲ ಏಟು ನನ್ನದು.

ಸಿಮೆಂಟು ಒಡೆದ ಮೇಲೆ ಮತ್ತೊಮ್ಮೆ "ಐಸಾ!" ಆರೂ ಕಂಬ ಒಟ್ಟಿಗೆ ಎದ್ದವು. ಮನೆ ತೆಂಗಿನ ಮರಗಳ ನಡುವೆ ತೇಲಿಕೊಂಡು ಹೊರಟಿತು. ಕಿಟಕಿಯ ಪರದೆ ಹಾರಾಡುತ್ತಿತ್ತು. ಲಿಗಾಯ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ ದಾರಿ ತೋರಿಸುತ್ತಿದ್ದಳು. ಬಾವಿಯ ಆಚೆ ಹೊಸದಾಗಿ ಇಟ್ಟ ಕಲ್ಲುಗಳ ಮೇಲೆ ಮನೆ ಕೂತಾಗ ಮಡಲಿನ ಒಂದು ಗರಿಯೂ ಜಾರಿರಲಿಲ್ಲ. ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದೆ.

ದೋಣಿಯೂ ಚಪ್ಪರ ಸೇರಿದ ಮೇಲೆ ಹೊತ್ತವರಿಗೆಲ್ಲ ಗಂಜಿ, ಬಂಗುಡೆ ಬಡಿಸಿದೆವು. ಬಿಗಿದು ನೆಟ್ಟಿದ್ದೇ ಗಟ್ಟಿ ಎಂದುಕೊಂಡಿದ್ದ ನನಗೆ ಇಂದಿಗೂ ಆ ಮನೆ ನೋಡಿದಾಗ ಎದೆ ಹಗುರಾಗುತ್ತದೆ.

ಸಂಜೆ ಗುಲಾಬಿಯಕ್ಕ ಬೇಲಿಯ ಮೇಲಿಂದ ಕರೆದರು. "ಹ್ವಾಯ್, ನಮ್ಮ ಕೋಳಿಗೂಡ್ ಬಿಸ್ಲಂಗಿತ್ತ್. ನಾಳೆ ಶೀನಣ್ಣನಿಗೆ ಅದನ್ನೂ ಒಂಚೂರ್ ನೆಳ್ಳಿಗ್ ದಾಟ್ಸಿ ಕೊಡುಕೆ ಹೇಳಿ. ಅದ್ಕೆ ಸಿಮೆಂಟ್ ಹಾಕ್ಸ್ಲಿಲ್ಲೆ."