ಮೈಕ್ ಚಾಚಾನ ನೆಗಡಿ

ನವೆಂಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂವರಿದ್ದೆವು: ನಾನು, ನನ್ನ ಹೆಂಡತಿ, ಬಾಗಲಕೋಟೆಯಿಂದ ಬಂದಿದ್ದ ಅವಳ ತಮ್ಮ. ದನದ ಡಾಕ್ಟರನಾಗಿದ್ದ ಅವನಿಗೆ ನಿವೃತ್ತಿಯ ನಂತರ ಹಾಡು ಕೇಳುವ ಹುಚ್ಚು ಹಿಡಿದಿದೆ. ಚೀಲದಿಂದ ಎರಡು ಪುಟ್ಟ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಎರಡೂ ಹೆಡ್‌ಫೋನಿಗೆ ಹಚ್ಚುವ ಆಂಪ್ಲಿಫೈಯರ್‌ಗಳು. ಒಂದರ ನೆತ್ತಿಯ ಮೇಲೆ ಗಾಜಿನ ವಾಲ್ವುಗಳು, ಇನ್ನೊಂದು ಬರೀ ಕರಿ ಡಬ್ಬಿ. ಯಾವುದು ಚಲೋ ಹೇಳ್ರಿ ಮಾಮಾ ಎಂದ. ಎರಡನ್ನೂ ಕೇಳಿದೆ, ಎರಡೂ ಚಲೋ ಅದಾವ ಎಂದೆ. ಅವನಿಗೆ ಬೇಸರವಾಯಿತು.

ಆದರೆ ನನ್ನ ಲಕ್ಷ್ಯ ಹಾಡಿನ ಮೇಲಿರಲಿಲ್ಲ. ವಾಲ್ವು ಕಾಯತೊಡಗಿತ್ತು. ಬಿಸಿ ಗಾಜಿನ ಮೇಲೆ ಕೂತ ಧೂಳು ಸುಟ್ಟ ವಾಸನೆ, ಅದರ ಹಿಂದೆಯೇ ಸಣ್ಣಗೆ ವಾರ್ನಿಶಿನ ವಾಸನೆ... ಮೈಕ್ ಚಾಚಾನ ಅಂಗಡಿಯ ವಾಸನೆ ಅದು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ್. ಜೊತೆಗೆ ಓಣಿಯ ಭಜನಾ ಮಂಡಳಿಯ ಕಾರ್ಯದರ್ಶಿ. ಚಾಚಾನ ಅಂಗಡಿ ನೇಕಾರರ ಓಣಿಯ ತಿರುವಿನಲ್ಲಿತ್ತು. ಮುಂದೆ ಅಂಗಡಿ, ನಡುವೆ ಹಸಿರು ಪರದೆ, ಹಿಂದೆ ಮನೆ. ಪರದೆಯ ಆಚೆ ಅವರ ಹೆಂಡತಿ ಚಾಚಿ ಚರಕದ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತಿಕೊಡುತ್ತಿದ್ದರು. ಮಠದ ಪ್ರವಚನವಿರಲಿ, ದರ್ಗಾದ ಉರುಸ್ ಇರಲಿ, ಮದುವೆಯಿರಲಿ, ಊರಿನಲ್ಲಿ ಮೈಕು ಹಚ್ಚುವವರು ಅವರೊಬ್ಬರೇ. ಹುನಗುಂದದಲ್ಲಿ ಒಬ್ಬ ಹುಡುಗ ಹೊಸ ಸೆಟ್ಟುಗಳನ್ನು ತಂದಿದ್ದ, ಓಡಾಡಿ ಗಿರಾಕಿ ಹಿಡಿಯುತ್ತಿದ್ದ. ಆದರೂ ಜನ ಚಾಚಾನನ್ನೇ ಕರೆಯುತ್ತಿದ್ದರು. ಸೆಟ್ಟು ಯಾರ ಬಳಿಯಾದರೂ ಇರಬಹುದು, ಕಿವಿ ಚಾಚಾನ ಬಳಿ ಮಾತ್ರ ಇದೆ ಎಂಬುದು ಜನರ ನಂಬಿಕೆ. ಚಾಚಾನ ಅನ್ನವೂ ಅದರಲ್ಲೇ ಇತ್ತು.

ಶ್ರಾವಣದಲ್ಲಿ ಕೂಡಲಸಂಗಮದಲ್ಲಿ ಭಜನೆ ಮಾಡುವುದೆಂದು ನಮ್ಮ ಮಂಡಳಿ ಗೊತ್ತು ಮಾಡಿಕೊಂಡಿತ್ತು. ಅದಕ್ಕೆ ಸ್ವಂತದ್ದೊಂದು ಆಂಪ್ಲಿಫೈಯರ್ ಕೊಳ್ಳಬೇಕು, ಸೆಟ್ಟು ನಡೆಸುವವರು ಚಾಚಾ. ಅವರು ಎರಡನ್ನು ತರಿಸಿಟ್ಟಿದ್ದರು: ಒಂದು ಹಳೆಯ ವಾಲ್ವಿನದು, ಒಂದು ಹೊಸ ಟ್ರಾನ್ಸಿಸ್ಟರಿನದು. ಆರಿಸಲು ನಾನು ಹೋದೆ, ನಮ್ಮ ಮುಖ್ಯ ಹಾಡುಗಾರರಾಗಿದ್ದ ಹಿರಿಯ ನೇಕಾರರೂ ಬಂದರು. ಅವರೂ ಚಾಚಾನೂ ಒಂದೇ ವಾರಿಗೆಯವರು, ಚಡ್ಡಿ ಹಾಕಿದಾಗಿನಿಂದ ಗೆಳೆಯರು.

ಪರೀಕ್ಷೆ ಮಾಡುವ ಪದ್ಧತಿಯೊಂದನ್ನು ಚಾಚಾ ತಾವೇ ಕಟ್ಟಿಕೊಂಡಿದ್ದರು. ಸುತ್ತ ಮಗ್ಗಗಳ ಸದ್ದು, ಹಾಗಾಗಿ ಸ್ಪೀಕರ್ ಹಚ್ಚಿ ಕೇಳುವಂತಿಲ್ಲ. ಹೆಡ್‌ಫೋನ್ ಹಾಕಿಯೇ ಕೇಳಬೇಕು. ಎರಡು ಮಷೀನುಗಳ ದನಿ ಮೊದಲು ಸಮ ಮಾಡಬೇಕು, ಯಾಕೆಂದರೆ ಜೋರಾಗಿದ್ದದ್ದೇ ಚಲೋ ಎನಿಸುತ್ತದೆ. ಆಮೇಲೆ ಎರಡರ ಮೇಲೂ ಒಂದೇ ಚಾದರ ಹೊದಿಸಬೇಕು. ಯಾಕೆ ಚಾಚಾ ಎಂದು ಕೇಳಿದ್ದಕ್ಕೆ, “ಕಣ್ಣು ಕಿವಿಗೆ ಲಂಚಾ ಕೊಡತೈತ್ರಿ” ಎಂದಿದ್ದರು. ಹೊಸ ಡಬ್ಬಿಯ ಹೊಳಪು ನೋಡಿದರೆ ಕಿವಿ ಅದಕ್ಕೇ ಸಾಕ್ಷಿ ಹೇಳುತ್ತದಂತೆ. ಶಿಸ್ತಿನ ಮನುಷ್ಯನಾದ ನನಗೆ ಈ ಪದ್ಧತಿ ಬಹಳ ಹಿಡಿಸಿತ್ತು. ಈ ಮಷೀನಿನಿಂದ ಆ ಮಷೀನಿಗೆ ಬದಲಿಸುವ ಸ್ವಿಚ್ಚನ್ನು ನನ್ನ ಕೈಗೆ ಕೊಟ್ಟರು. ನಮ್ಮದೇ ಭಜನೆಯ ಕ್ಯಾಸೆಟ್ ಹಾಕಿದರು.

ಮೊದಲು ಚಾಚಾ ಕೇಳಿದರು, ಕಣ್ಣು ಮುಚ್ಚಿಕೊಂಡು. ಆಗ ಅವರ ತುಟಿ ತಾಳದ ಜೊತೆ ಸಣ್ಣಗೆ ಆಡುತ್ತಿತ್ತು. ಧ್ವನಿಗೂ ಪ್ರಾಣಿಯಂತೆ ತಲೆ, ಹೊಟ್ಟೆ, ಬಾಲ ಇರುತ್ತವೆ ಎನ್ನುವುದು ಅವರ ಲೆಕ್ಕ. ತಾಳ ಬಡಿದ ಕ್ಷಣ ತಲೆ, ತುಂಬಿದ ನಾದ ಹೊಟ್ಟೆ, ಕೊನೆಗೆ ಎಳೆಯಾಗಿ ಉಳಿಯುವ ಝಣ್ ಎಂಬುದು ಬಾಲ. ಹೆಡ್‌ಫೋನ್ ತೆಗೆದು ಅವರು, ಮೊದಲನೆಯದು ಬಿಸಿ ರೊಟ್ಟಿ, ಮೆತ್ತಗೆ, ಹೊಟ್ಟೆ ದೊಡ್ಡದು. ಎರಡನೆಯದು ಕಟಕ ರೊಟ್ಟಿ, ಮುರಿದರೆ ಸದ್ದು ಬರುತ್ತದೆ ಎಂದರು. ಬಯಲಿನಲ್ಲಿ ಹಾಡುವುದಕ್ಕೆ ಎರಡನೆಯದೇ ಸರಿ. ನೀರಿನಂತೆ ಸ್ವಚ್ಛವಾಗಿದೆ, ಒಂದು ಕಸ ಇಲ್ಲ ಎಂದೂ ಸೇರಿಸಿದರು.

ನಂತರ ನೇಕಾರರು ಹಾಕಿಕೊಂಡರು. ಸ್ವಿಚ್ಚು ಎರಡನೆಯದಕ್ಕೆ ತಿರುಗಿಸಿದ ಕೂಡಲೇ ಅವರ ಹುಬ್ಬು ಗಂಟಾಯಿತು.

“ಲೇ, ಇದರಾಗ ಗುಂಗಾಡು ಹಾಡಾಕತ್ತೈತಿ.”

“ನಿನ್ನ ಕಿವ್ಯಾಗ ಮಗ್ಗ ಕುಂತೈತಿ, ಅದರ ಸದ್ದು ಅದು,” ಎಂದು ಚಾಚಾ ನಕ್ಕರು. ಮಗ್ಗದವರಿಗೆ ಕಿವಿ ಮಂದ ಎಂದು ಅವರನ್ನು ಊರೇ ಕಾಡಿಸುತ್ತಿತ್ತು.

ನೇಕಾರರು ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದರು. ಹಾಡಿನ ಮೇಲೆ ತೆಳುವಾದ ಒಂದು ಸೀಟಿ, ಕಿವಿಯ ಬಳಿ ಸೊಳ್ಳೆ ಸುಳಿದಂತೆ, ಬಿಡದೆ ಬರುತ್ತಿತ್ತು. ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು.

“ಐತೇನ್ರಿ ಮಾಸ್ತರ್ರ?”

“ಐತ್ರಿ,” ಎಂದೆ.

ಅವರು ಹೆಡ್‌ಫೋನ್ ಮರಳಿ ಹಾಕಿಕೊಂಡು ಎರಡೂ ಅಂಗೈಗಳಿಂದ ಒತ್ತಿ ಹಿಡಿದರು. ಕ್ಯಾಸೆಟ್ ಓಡುತ್ತಲೇ ಇತ್ತು. ಅವರ ತುಟಿ ಆಡುವುದು ನಿಂತುಹೋಗಿತ್ತು. ನಾವಿಬ್ಬರೂ ಕೇಳಿದ್ದನ್ನು ಅವರು ಹುಡುಕುತ್ತಿದ್ದರು, ಅದು ಸಿಗುತ್ತಿರಲಿಲ್ಲ... ಅವರೇ ಹೊದಿಸಿದ ಚಾದರ, ಅವರದೇ ಪದ್ಧತಿ. ಯಾರ ಮೇಲೂ ತಪ್ಪು ಹಾಕುವಂತಿರಲಿಲ್ಲ. ಈ ಸುದ್ದಿ ಓಣಿ ದಾಟಿದರೆ ನಾಳೆಯೇ ಹುನಗುಂದದ ಹುಡುಗನಿಗೆ ಕರೆ ಹೋಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು.

ಒಳಗೆ ಚರಕದ ಸದ್ದು ನಿಂತಿತು. ಪರದೆ ಸರಿಸಿ ಚಾಚಿ ಹೊರಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ಅಂಗಡಿಯೊಳಗೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಗಂಡನ ತಲೆಯಿಂದ ಹೆಡ್‌ಫೋನ್ ತೆಗೆದು, ಸೆರಗಿನ ಮೇಲೆಯೇ ತಾವು ಹಾಕಿಕೊಂಡರು.

“ಎರಡ ದಿನದಿಂದ ಹೇಳಾಕತ್ತೇನಿ, ನೆಗಡಿ ಆಗೇತಿ, ಕಿವಿ ಮುಚ್ಚೇತಿ, ಅಂಗಡಿ ಬಂದ್ ಮಾಡ್ರಿ ಅಂತ. ನನ್ನ ಮಾತು ಎಲ್ಲಿ ಕೇಳ್ತಾರ?” ಎಂದರು ನಮ್ಮ ಕಡೆ ನೋಡಿ. ಆಮೇಲೆ ಗಂಡನಿಗೆ, “ಹಿಂದಿನ ವೈರ್ ಸರಸ್ರಿ, ನಾ ಹೇಳ್ತೇನಿ.”

ಚಾಚಾ ಚಾದರದ ಕೆಳಗೆ ಕೈ ಹಾಕಿದರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತ ಚಾಚಿ ಒಮ್ಮೆ ಕೈ ಎತ್ತಿದರು. “ಹಾಂ. ಹೋತು.”

ನೇಕಾರರು ಎದ್ದು, ಚಾಚಾನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡಲೇ. ನಮ್ಮ ಮಗ್ಗದ ಮಂದ್ಯಾಗ ಭಾಳ ಜನಕ್ಕ ಐತಿ ಈ ನೆಗಡಿ.”

ಎರಡನೆಯದು ಹೊಸ ಟ್ರಾನ್ಸಿಸ್ಟರಿನದಾಗಿತ್ತು, ಅದನ್ನೇ ಕೊಂಡೆವು. ಶ್ರಾವಣದಲ್ಲಿ ಕೂಡಲಸಂಗಮಕ್ಕೆ ಹೊರಟ ಟೆಂಪೋದಲ್ಲಿ ಚಾಚಾ ನನ್ನ ಪಕ್ಕ ಕೂತಿದ್ದರು. ಚಾಚಿ ಹಿಂದೆ, ಹೆಂಗಸರ ನಡುವೆ. ದಾರಿಯಲ್ಲಿ ಚಾಚಾ ನನ್ನ ಕಡೆ ಬಾಗಿ, “ಅದು ನೆಗಡಿ ಅಲ್ರಿ ಮಾಸ್ತರ್ರ,” ಎಂದರು. ಗೊತ್ತೈತ್ರಿ ಎಂದೆ. ಮತ್ತ ಯಾಕ ಕರದ್ರಿ ಎಂದು ಕೇಳಿದರು. ಚಾಚಿನೂ ಬಂದಾರಲ್ರಿ ಎಂದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಅಂದಿನಿಂದ ಅದೇ ಪದ್ಧತಿಯಾಯಿತು. ಬೇವೂರಿಗೆ ಹೋಗಲಿ, ಕುಳಗೇರಿ ಕ್ರಾಸಿನ ಮದುವೆಗೆ ಹೋಗಲಿ, ಬಾದಾಮಿಗೆ ಹೋಗಲಿ, ಚಾಚಾನ ಹಿಂದೆ ಚಾಚಿ. ಅವರು ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದರು. ಧ್ವನಿ ಚುಚ್ಚಿದರೆ ಸೆರಗು ಮುಂದಕ್ಕೆಳೆದುಕೊಳ್ಳುವರು, ಮಂಕಾದರೆ ಹಿಂದಕ್ಕೆ ಸರಿಸುವರು. ಚಾಚಾನ ಬೆರಳು ಅದರಂತೆ ಗುಂಡಿ ತಿರುಗಿಸುತ್ತಿತ್ತು. ಮೈಕಿನ ದನಿ ಮೊದಲಿಗಿಂತ ಚೆನ್ನಾಗಿದೆ ಎಂದು ಜನ ಹೇಳುತ್ತಿದ್ದರು. ಮಗ್ಗದ ಓಣಿಯಲ್ಲಿ ಎಲ್ಲರಿಗೂ ವಿಷಯ ತಿಳಿದಿತ್ತೆಂದು ನನಗೆ ಆಮೇಲೆ ತಿಳಿಯಿತು. ನೆಗಡಿ ಕಡಿಮೆಯಾಯಿತೇ ಎಂದು ಯಾರೂ, ಒಮ್ಮೆಯೂ ಕೇಳಲಿಲ್ಲ.

ಎಂಬತ್ತರ ದಶಕ ಮುಗಿಯುವ ಮುಂಚೆ ಚಾಚಿ ತೀರಿಕೊಂಡರು. ನಲವತ್ತು ದಿನದ ಶೋಕ ಕಳೆದ ಮೇಲೆ ಚಾಚಾ ಅಂಗಡಿ ತೆಗೆಯುತ್ತಾರೆಂದು ಊರು ಕಾದಿತ್ತು. ಅವರು ಮೈಕಿನ ಹಾರ್ನುಗಳನ್ನೆಲ್ಲ ಹುನಗುಂದದ ಹುಡುಗನಿಗೆ ಕೊಟ್ಟುಬಿಟ್ಟರು. ದುಃಖದಲ್ಲಿದ್ದಾರೆ ಎಂದರು ಜನ. ದುಃಖವಂತೂ ಇತ್ತು...

ಆ ವರ್ಷ ನಮ್ಮ ಭಜನೆಗೆ ಅವರನ್ನು ಕರೆದೆ. ಸೆಟ್ಟು ಆ ಹುಡುಗನದು. ಚಾಚಾ ಹಿಂದಿನ ಸಾಲಿನಲ್ಲಿ ಕೂತು ನಮ್ಮ ಬಾಯಿಗಳನ್ನು ನೋಡುತ್ತಿದ್ದರು. ಹಾಡಿನ ನಡುವೆ ಮೈಕು ಸೀಟಿ ಹೊಡೆಯಿತು, ಜನ ಕಿವಿ ಮುಚ್ಚಿಕೊಂಡರು. ಅದನ್ನು ಕಂಡು ಚಾಚಾ ಥಟ್ಟನೆ ಹೆಂಗಸರ ಸಾಲಿನ ಕಡೆ ತಿರುಗಿ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ಮುಖ ಈ ಕಡೆ ತಂದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

ಆ ಮೇಲೆ ಅವರು ಬಹಳ ಕಾಲ ಇರಲಿಲ್ಲ. ನೇಕಾರರೂ ಹೋದರು. ಆ ದಿನ ಅಂಗಡಿಯಲ್ಲಿದ್ದವರಲ್ಲಿ ಈಗ ಉಳಿದವನು ನಾನೊಬ್ಬನೇ. ಇದನ್ನು ಯಾರ ಜೊತೆ ನೆನೆಯಬೇಕೆಂದು ತಿಳಿಯದೆ ಬರೆದಿಟ್ಟೆ.

ಆ ಭಾನುವಾರ ಸಂಜೆ ಐದೂವರೆಯ ಬಸ್ಸಿಗೆ ಹೆಂಡತಿಯ ತಮ್ಮನನ್ನು ಹತ್ತಿಸಿ ಬಂದೆ. ಆರಕ್ಕೆ ಗಿಡಗಳಿಗೆ ನೀರು ಹಾಕಿದೆ. ಏಳಕ್ಕೆ ಊಟ. ತಟ್ಟೆ ತೊಳೆದು ಬೋರಲು ಹಾಕಿ, ಅಡುಗೆ ಮನೆಯ ದೀಪ ಆರಿಸಿದೆ.