ಹೆಲಿಕಾಪ್ಟರಿಗೊಂದು ಹೊಸ ಮೈ

ಖಾಲಿ ಮಿಕ್ಸಿಯನ್ನು ಯಾರೋ ಮರೆತು ಓಡಬಿಟ್ಟಂಥ ಗುಂಯ್‌ಕಾರ, ನಡುವೆ ಒಂದು ‘ಠಪ್’, ಆಮೇಲೆ ಮೌನ: ಮುಲುಂಡಿನ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಅಣ್ಣನ ರಿಮೋಟ್ ಹೆಲಿಕಾಪ್ಟರ್ ನೀರಿನ ಟ್ಯಾಂಕಿಗೆ ಬಡಿದದ್ದು ಹೀಗೆ. ವಿಕ್ರೋಳಿಯ ಕಾರ್ಖಾನೆಯಿಂದ ನಿವೃತ್ತನಾಗಿ, ಅತ್ತಿಗೆ ತೀರಿಕೊಂಡ ಮೇಲೆ, ಮದುವೆಯ ಗೋಜಿಗೇ ಹೋಗದ ನನ್ನ ಫ್ಲಾಟಿಗೆ ಬಂದು ಸೇರಿದವನಿಗೆ ಗಗನಯೋಗ ಒದಗಿದ್ದು ಎಪ್ಪತ್ತು ದಾಟಿದ ಮೇಲೆ. ಅಷ್ಟರಲ್ಲಿ ದೃಷ್ಟಿ ನಟ್ಟನಡುವಿನಿಂದ ಮಸುಕಾಗತೊಡಗಿತ್ತು. ಪೇಪರು ಹೋಯಿತು, ಟೀವಿ ಹೋಯಿತು. ಉಳಿದದ್ದು ಈ ಹಾರಾಟವೊಂದೇ.

ಬಿರಿದ ಪ್ಲಾಸ್ಟಿಕ್ ಮೈಯನ್ನು ಸವರುತ್ತ, “ಭಂಗಾರ್‌ವಾಲಾನ ಗುಜರಿಗೆ ಹಾಕ್ಬಿಡೇ ಸೀತೂ, ನನ್ನ ಕಣ್ಣೂ ಸೇರಿಸಿ” ಎಂದ.

“ನಾನ್‌ಸೆನ್ಸ್! ಮೋಟರು ಸರಿಯಾಗಿದೆ ಅಂತ ನೀನೇ ಅಂದ್ಯಲ್ಲ. ಬಾಡಿ ತಾನೇ, ಬದಲಾಯ್ಸಿದ್ರಾಯ್ತು.”

ದಹಿಸರಿನ ಅಂಗಡಿಯಲ್ಲಿ ಸಿಕ್ಕ ಹೊಸ ಬಾಡಿ ಅಚ್ಚ ಬಿಳಿ. ಮುಂಬಯಿಯ ಬೂದು ಆಕಾಶದಲ್ಲಿ ಒಳ್ಳೆಯ ಕಣ್ಣಿಗೂ ಕಾಣದ ಬಣ್ಣ. ಬಿಚ್ಚಿದ ಸ್ಕ್ರೂಗಳು ತಂತಮ್ಮ ತೂತು ಮರೆಯದಿರಲೆಂದು ಇಡ್ಲಿ ತಟ್ಟೆಯ ಕುಳಿಗಳಲ್ಲಿ ಸರದಿಯಾಗಿ ಕೂರಿಸಿದೆ. ಅಣ್ಣ ಬೆರಳ ಅಂದಾಜಿನಲ್ಲೇ ವೈರುಗಳನ್ನು ಒಳಸರಿಸಿ, “ಅಷ್ಟು ಬಿಗೀಬೇಡ್ವೇ, ಉಪ್ಪಿನಕಾಯಿ ಜಾಡಿಯಲ್ಲ ಅದು” ಎಂದು ಗದರಿದ. ಕಾನ್ವೆಂಟಿನ ಸಿಸ್ಟರುಗಳ ರೂಲರಿಗೆ ಹೆದರಿ ಆಯುಷ್ಯವಿಡೀ ನೇಲ್ ಪಾಲಿಶ್ ಮುಟ್ಟದ ನಾನು, ಮೊಟ್ಟಮೊದಲ ಕೆಂಪು ಬಾಟಲಿ ಕೊಂಡು ಹಚ್ಚಿದ್ದು ಆ ಹೆಲಿಕಾಪ್ಟರಿನ ಮೂತಿಗೆ. ಪ್ರಸಾಧನಕಲೆಯಲ್ಲಿ ನನ್ನ ಏಕಮಾತ್ರ ಸಾಧನೆ ಅದು.

ಟೆರೇಸಿನಲ್ಲಿ ಅವನು ಕೈ, ನಾನು ಕಣ್ಣು.

“ರೈಟಿಗೆ ಅಣ್ಣ, ರೈಟಿಗೆ!”

“ನಿನ್ನ ರೈಟೋ, ಅದರ ರೈಟೋ? ಮೂತಿ ಎತ್ತ ಇದೆ ಹೇಳೇ ಮೊದಲು!”

“ಕೆಂಪು ನಮ್ಮ ಕಡೆಗೇ!”

ಟ್ಯಾಂಕನ್ನು ಒಂದು ಸುತ್ತು ಬಳಸಿ ಅದು ಮೆಲ್ಲಗೆ ಇಳಿಯಿತು. ಕೆಲವು ಸಂಜೆಗಳ ನಂತರ ಅಣ್ಣನೇ ಹೇಳಿದ: “ಈಗ ಕೆಂಪು ಚೆನ್ನಾಗಿ ಕಾಣ್ತಿದೆ ಕಣೇ. ನೀನು ಕಿರುಚಿ ಬಿಲ್ಡಿಂಗ್ ಎಬ್ಬಿಸ್ಬೇಡ.” ಬೇಕಾದದ್ದನ್ನು ನಂಬುವುದರಲ್ಲಿ ನಮ್ಮಂಥ ಸುಶಿಕ್ಷಿತರು ಯಾರಿಗೂ ಕಡಿಮೆಯಿಲ್ಲ, ನಂಬಿದೆ. ನಂಬಿದ್ದರಿಂದಲೇ ಒಂದು ಬೆಳಿಗ್ಗೆ, ಅವನನ್ನು ಒಬ್ಬನೇ ಬಿಟ್ಟು ದಹಿಸರಿನ ಗೆಳತಿಯ ಮನೆಗೆ ಹೊರಟೆ.

ಅಂದಿನ ಮಧ್ಯಾಹ್ನದ ನಿದ್ದೆಯಿಂದ ಅವನು ಏಳಲಿಲ್ಲ. ಪೀಸ್‌ಫುಲ್ ಎಂದರು ಎಲ್ಲರೂ, ಇರಬಹುದು. ನಾನು ಅವನನ್ನು ಕಡೆಯ ಸಲ ನೋಡಿದ್ದು ರಿಕ್ಷಾ ಹತ್ತಿ ಕುಳಿತು ಮೇಲೆ ಕತ್ತೆತ್ತಿದಾಗ. ನನ್ನ ರಿಕ್ಷಾ ಇನ್ನೂ ಗೇಟಿನ ಒಳಗೇ ಇತ್ತು. ಅಣ್ಣ ಟೆರೇಸಿನ ಕಟ್ಟೆಗೆ ಒರಗಿ, ರಸ್ತೆಯ ತಿರುವಿನಲ್ಲಿ ಮರೆಯಾಗುತ್ತಿದ್ದ ಇನ್ಯಾರದೋ ರಿಕ್ಷಾಕ್ಕೆ ನಗುನಗುತ್ತ ಕೈ ಬೀಸುತ್ತಿದ್ದ.