ತಪ್ಪ್ ಯಾರ್ದು

ಮರಾಠಿ ನಾಡಿನ ಇಚಲಕರಂಜಿಯಲ್ಲಿ ನಾವು ರೊಟ್ಟಿಯ ಜೊತೆ ಹತ್ತಿಯನ್ನೂ ತಿನ್ನುತ್ತಿದ್ದ ಕಾಲವದು. ಮಗ್ಗಗಳಿಂದ ಎದ್ದ ಅರಳೆ ನಮ್ಮ ಸಾಲುಮನೆಗಳ ಚಾಳದ ಗಾಳಿಯಲ್ಲೆಲ್ಲ ತೇಲಾಡಿ, ಕೊನೆಗೆ ಬಂದು ಕೂರುತ್ತಿದ್ದುದು ನಮ್ಮ ಬದನೆಕಾಯಿ ಪಲ್ಯದ ಮೇಲೆ. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಅಪ್ಪನ ಅಂಗಿಯಲ್ಲಿತ್ತು, ಹಾಸಿಗೆಯಲ್ಲಿತ್ತು, ದೇವರ ಮುಂದಿಟ್ಟ ಸಕ್ಕರೆಯಲ್ಲೂ ಇತ್ತು. ಅದಕ್ಕೆ ನಾನು ಎಂದೂ ಹೇಸಿದವನಲ್ಲ. ಇಂದಿಗೂ ನನಗೆ ಹೊಟ್ಟೆ ತೊಳಸುವುದು ತಪಕೀರಿನ ವಾಸನೆಗೆ. ಮೂರನೇ ಇಯತ್ತೆಯ ನಮ್ಮ ಮಾಸ್ತರು ಆ ನಶ್ಯದ ಪುಡಿಯನ್ನು ತಾಸಿಗೊಮ್ಮೆ ಮೂಗಿಗೆ ಏರಿಸುತ್ತಿದ್ದರು.

ಅವರು ಗಡಹಿಂಗ್ಲಜ ಕಡೆಯವರು. ಕನ್ನಡ ಶಾಲೆಯ ಮಾಸ್ತರಾದರೂ ಬೈಗುಳವನ್ನೆಲ್ಲ ಮರಾಠಿಯಲ್ಲೇ ಇಟ್ಟುಕೊಂಡಿದ್ದರು. ಮೂಗು ಸದಾ ಕಟ್ಟಿರುತ್ತಿತ್ತು. ಅದರ ತುದಿಯಲ್ಲಿ ಒಂದು ಕಂದು ಹನಿ ತೂಗಾಡುತ್ತ, ಯಾರ ಕಲ್ಲುಪಾಟಿಯ ಮೇಲೆ ಬೀಳಲಿ ಎಂದು ಯೋಚಿಸುತ್ತಿರುತ್ತಿತ್ತು. ನಾನು ಹುಟ್ಟಾ ಚಿಂತೆಯವನು. ಅದು ನನ್ನ ಪಾಟಿಯ ಮೇಲೆಯೇ ಬೀಳುತ್ತದೆಂದು ಪಾಠ ಬಿಟ್ಟು ಹನಿಯನ್ನೇ ನೋಡುತ್ತ ಕೂರುತ್ತಿದ್ದೆ. ಎರಡು ಸಲ ಬಿದ್ದದ್ದೂ ಉಂಟು. ಅಂಗೈಯಿಂದ ಒರೆಸಿ, ಆ ಕೈ ಯಾವುದಕ್ಕೂ ತಾಗದಂತೆ ಎತ್ತಿ ಹಿಡಿದುಕೊಂಡು ಮನೆಯ ತನಕ ನಡೆದಿದ್ದೆ.

ಮಾಸ್ತರು ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದರು ಎಂಬುದೇ ನನ್ನ ದೊಡ್ಡ ಸಂಕಟ. ಗಿಳಿ, ರಾಜಕುಮಾರಿ, ಮಾತಾಡುವ ಬಾವಿ ಎಲ್ಲ ಬರುತ್ತಿದ್ದವು. ನಾವು ಬಾಯಿ ತೆರೆದು ಕೂತಿರುವಾಗ ತಟ್ಟನೆ ನಿಲ್ಲಿಸಿ, ಬೆತ್ತದಿಂದ ಮೇಜು ಕುಟ್ಟಿ, "ಹೂಂ, ತಾತ್ಪರ್ಯ?" ಎನ್ನುವರು. ಅರ್ಧ ಶಬ್ದ ಆ ಮೂಗಿನಲ್ಲೇ ಉಳಿದು, ಶಾಲೆಯ ಪಕ್ಕದ ಮಗ್ಗಗಳ ಖಟಖಟದಲ್ಲಿ ಇನ್ನಷ್ಟು ಸವೆದು, ಹಿಂದಿನ ಸಾಲಿನಲ್ಲಿದ್ದ ನನಗೆ ಅದು "ತಪ್ಪ್ ಯಾರ್ದು?" ಎಂದೇ ಕೇಳುತ್ತಿತ್ತು. ಹಲಗೆಯ ಮೇಲೆ ಅವರು ಬರೆದದ್ದು ಬೇರೆ ಇದ್ದರೂ ನನಗೆ ಅನುಮಾನ ಬರಲಿಲ್ಲ. ನಾವು 'ಬರಾಕತ್ತೇನಿ' ಅಂದದ್ದನ್ನು ಪುಸ್ತಕ 'ಬರುತ್ತಿದ್ದೇನೆ' ಎಂದು ಬರೆಯುತ್ತಿತ್ತಲ್ಲ, ಇದೂ ಹಾಗೆಯೇ ಇರಬೇಕು ಅಂದುಕೊಂಡೆ.

ಹೀಗಾಗಿ ನಾನು ಪ್ರತಿ ಕಥೆಯಲ್ಲೂ ಆರೋಪಿಯನ್ನು ಹುಡುಕಿದೆ. ಗಿಳಿ ಹಾರಿಹೋದರೆ ತಪ್ಪು ಪಂಜರದ ಬಾಗಿಲು ಹಾಕದ ದಾಸಿಯದು. ರಾಜಕುಮಾರಿ ಕಲ್ಲಾದರೆ ಹೊಸ್ತಿಲು ದಾಟಿದ ತಪ್ಪು ಅವಳದೇ. ನನ್ನ ಉತ್ತರಗಳು ಮಾಸ್ತರ ತಾತ್ಪರ್ಯಕ್ಕೆ ಒಂದು ಕೂದಲಷ್ಟೂ ಆಚೀಚೆ ಆಗುತ್ತಿರಲಿಲ್ಲ. ವರ್ಗದಲ್ಲಿ ನಾನೇ ಮೊದಲಿಗ. ಯಾವ ತಪ್ಪೂ ನನ್ನದಲ್ಲ ಎಂದು ಸಾಬೀತಾಗುವ ಆ ಹತ್ತು ನಿಮಿಷ ನನ್ನಂಥ ಪುಕ್ಕಲನಿಗೆ ಸ್ವರ್ಗವಾಗಿತ್ತು.

ಖರೆ ಕಥೆ ಇದ್ದದ್ದು ಚಾಳದಲ್ಲಿ. ನಮ್ಮ ಪಕ್ಕದ ಖೋಲಿಯ ಗಂಗವ್ವ ಕಾಕು ಗೋಕಾಕದ ಕಡೆಯವಳು, ಗಂಡ ಸತ್ತವಳು. ಸಂಜೆ ನಾವು ಶಾಲೆಯಿಂದ ಬರುವಾಗ ಚಕ್ರದ ಮುಂದೆ ಕೂತು ಮಗ್ಗದ ಲಾಳಿಯೊಳಗೆ ಕೂರುವ ಕಾಂಡಿ ಎಂಬ ಉರುಟು ಕಡ್ಡಿಗಳಿಗೆ ನೂಲು ಸುತ್ತುತ್ತಿದ್ದಳು. ನಾವು ಬರಿಯ ಕಾಂಡಿಗಳನ್ನು ನಿಲ್ಲಿಸಿ, ದೂರದಿಂದ ಹೊಡೆದು ಬೀಳಿಸುವ ಆಟ ಆಡುತ್ತ ಕಾಯುತ್ತಿದ್ದೆವು. ಆ ಮಳೆಗಾಲವಿಡೀ ಅವಳು ಒಂದೇ ಕಥೆ ಹೇಳಿದಳು. ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳು, ಮನೆಯಲ್ಲಿ ಒಂದೇ ರೊಟ್ಟಿ. ಹಳ್ಳದ ದಂಡೆಯ ರಕ್ಕಸಿ ಬಂದು, "ಸಣ್ಣಾಕಿನ್ನ ನನಗ ಕೊಡು, ತಿನ್ನೂದಿಲ್ಲ, ಸಾಕತೇನಿ" ಅಂದಳು. ತಾಯಿ ಕೊಟ್ಟುಬಿಟ್ಟಳು.

ಅಲ್ಲಿಂದ ಮುಂದೆ ದಿನಕ್ಕೊಂದು ಸುದ್ದಿ. ಇಂದು ರಕ್ಕಸಿ ಹುಡುಗಿಗೆ ಶೇಂಗಾ ಹೋಳಿಗೆ ಮಾಡಿದಳು. ನಾಳೆ, ಉಗುರು ತಾಗೀತೆಂದು ಬೆರಳು ಮಡಚಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ನಾಡಿದ್ದು ತಾಯಿ ಮಗಳನ್ನು ಕರೆತರಲು ಹೊರಟಳು.

"ಮುಟ್ಟಿದಳೇನ ಕಾಕೂ?" ಎಂದು ನಾನು ದಿನಾ ಕೇಳುವೆ. ತಾಯಿ ಅಲ್ಲಿಗೆ ತಲುಪದಿದ್ದರೆ ಏನು ಗತಿ ಎಂದು ನನಗೆ ಊಟ ಸೇರುತ್ತಿರಲಿಲ್ಲ.

"ನಡಕೋತ ಹೊಂಟಾಳೋ ತಮ್ಮಾ. ಆಕಿಗೇನ ಮೋಟಾರ ಐತಿ?"

ಒಂದು ಗುರುವಾರ ತಾಯಿ ಮುಟ್ಟಿದಳು. ರಕ್ಕಸಿಯ ಬಾಗಿಲ ಹೊರಗೆ ನಿಂತಳು. ಒಳಗೆ ಮಗಳು ನಗುವುದು ಕೇಳಿಸಿತು. ಬಾಗಿಲು ಬಡಿಯಲು ಎತ್ತಿದ ಕೈ ಹಾಗೆಯೇ ನಿಂತಿತು.

"ಮುಂದ?"

"ಮುಂದಿಂದು ಐತವಾರ. ಸಾಲಿ ಸೂಟಿ ಇರತೈತಿ, ಕುಂತ ಕೇಳ್ರಿ."

ನಡುವೆ ಶನಿವಾರವಿತ್ತು. ಅಂದು ಶಾಲೆಯಲ್ಲಿ ಪಾಲಕರ ಸಭೆ. ಮನೆಯಲ್ಲಿ ಕೇಳಿದ ಕಥೆಯೊಂದನ್ನು ಎಲ್ಲರೆದುರು ಹೇಳಬೇಕೆಂದು ಮಾಸ್ತರು ನನ್ನನ್ನು ಆರಿಸಿದ್ದರು. "ನಿನ್ನ ಕತೀನ ಹೇಳಾಂವ ಅದೇನಿ, ನೀನೂ ಬಾ" ಎಂದು ನಾನೇ ಗಂಗವ್ವನನ್ನು ಕರೆದೆ. ಅವಳು ನಾಚಿದಳು. ಆದರೂ ಒಗೆದ ಸೀರೆ ಉಟ್ಟು, ಕೂದಲಿನ ಅರಳೆಯನ್ನೆಲ್ಲ ಬಾಚಿ ತೆಗೆದು, ನನ್ನ ಅವ್ವನ ಪಕ್ಕ ಬಂದು ಕೂತಳು.

ಹೇಳಿದೆ. ರಕ್ಕಸಿ ಬೆರಳು ಮಡಚಿದ್ದನ್ನೂ ಬಿಡಲಿಲ್ಲ. ಗಂಗವ್ವನ ತುಟಿ ನನ್ನ ಜೊತೆಗೆ ಅಲ್ಲಾಡುತ್ತಿತ್ತು. ತಾಯಿ ರಕ್ಕಸಿಯ ಬಾಗಿಲಿಗೆ ಬಂದಲ್ಲಿಗೆ ನಿಲ್ಲಿಸಿದೆ.

"ಹೂಂ, ತಾತ್ಪರ್ಯ?"

"ತಪ್ಪು ತಾಯೀದು ರೀ. ಹಡದ ಮಗಳನ್ನ ಕೊಟ್ಟಾಕಿ ರಕ್ಕಸಿಗಿಂತ ಕಡಿ."

"ಶಾಬ್ಬಾಸ್" ಎಂದು ಮಾಸ್ತರು ಅದನ್ನು ಗ್ರಾಂಥಿಕ ಮಾಡಿ ಹಲಗೆಯ ಮೇಲೆ ಗುಂಡಗೆ ಬರೆದರು: ಹೆತ್ತ ಮಗಳನ್ನು ಕೊಡುವ ತಾಯಿಯು ರಕ್ಕಸಿಗಿಂತಲೂ ಕೀಳು. ಗಂಗವ್ವನಿಗೆ ಓದಲು ಬರುತ್ತಿರಲಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ. ವರ್ಗದವರೆಲ್ಲ ಅದನ್ನು ಮೂರು ಸಲ ಕೂಗಿ ಹೇಳಿದರು. ಪಾಲಕರು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಮಾಸ್ತರು ಬಹುಮಾನವೆಂದು ಕೊಟ್ಟ ಪೆನ್ಸಿಲ್ಲಿಗೆ ತಪಕೀರಿನ ಬೆರಳಚ್ಚು ಹತ್ತಿತ್ತು. ನಾನು ಅದನ್ನು ಅಂಗಿಗೆ ಒರೆಸಿ ಹೆಮ್ಮೆಯಿಂದ ಜೇಬಿಗೆ ಸಿಕ್ಕಿಸಿಕೊಂಡೆ.

ಗಂಗವ್ವನ ಸಣ್ಣ ಮಗಳು ಕೋವಾಡದಲ್ಲಿ, ಮಕ್ಕಳಿಲ್ಲದ ಅವಳ ನಾದಿನಿಯ ಮನೆಯಲ್ಲಿದ್ದಳು. ಗಂಡ ತೀರಿದ ವರ್ಷ ಕೊಟ್ಟದ್ದು. ಇದು ಚಾಳಕ್ಕೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಕೋವಾಡಕ್ಕೂ ಕಥೆಗೂ ಸಂಬಂಧವಿದೆ ಎಂಬುದು ಮಾತ್ರ ಹೊಳೆದಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ; ಬಾಯಿ ಕಹಿಯಾಗುತ್ತದೆ.

ಮನೆಗೆ ಬರುವಾಗ ಅವಳು ಕೇಳಿದಳು: "ಕಡೀಕ ಮಾಸ್ತರು ಏನಂತ ಕೇಳಿದ್ರೋ ತಮ್ಮಾ?"

"ತಪ್ಪ್ ಯಾರ್ದು ಅಂತ, ಕಾಕೂ."

"ಹಂಗ ಕೇಳಿದ್ರೇನು," ಅಂದಳು. ಸ್ವಲ್ಪ ದೂರ ನಡೆದ ಮೇಲೆ, "ನೀ ಬರೋಬ್ಬರಿ ಹೇಳಿದಿ ಬಿಡು" ಅಂದಳು.

ಐತವಾರ ನಾವೆಲ್ಲ ಹೋಗಿ ಕೂತೆವು. ಚಕ್ರ ತಿರುಗುತ್ತಿತ್ತು.

"ಕಾಕೂ, ಬಾಗಲಾ ಬಡದಳೇನ?"

"ಮುಗೀತಲ್ಲೋ. ಸಾಲ್ಯಾಗ ಮುಗಿಸಿ ಬಂದಿಯಲ್ಲ."

ಕೈ ನಿಲ್ಲಿಸದೆ, ಸಿಟ್ಟೂ ಇಲ್ಲದೆ ಹೇಳಿದಳು. ಅವತ್ತಿನಿಂದ ಅವಳು ಯಾವ ಕಥೆಯನ್ನೂ ಹೇಳಲಿಲ್ಲ. ಮರುವರ್ಷ ಖೋಲಿ ಬಿಟ್ಟು ಹೋದಳು. ಕೋವಾಡಕ್ಕೆ ಎಂದರು ಕೆಲವರು, ಗೋಕಾಕಕ್ಕೆ ಎಂದರು ಕೆಲವರು.

ಐದನೇ ಇಯತ್ತೆಯ ಮಾಸ್ತರಿಗೆ ಮೂಗು ಸರಿಯಿತ್ತು. ಅವರ ಬಾಯಿಂದ 'ತಾತ್ಪರ್ಯ' ಪೂರ್ತಿ ಕೇಳಿ, ಅದು ಕೇಳುವುದು ಕಥೆಯ ಸಾರವನ್ನು, ತಪ್ಪನ್ನಲ್ಲ ಎಂದು ತಿಳಿದ ದಿನ ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಊಟ ಹಿಡಿಸಿಲ್ಲ ಎಂದಳು ಅವ್ವ.

ಇಷ್ಟಾದ ಮೇಲೂ ನಾನು ಆದದ್ದು ಏನು ಅಂತೀರಿ? ಕನ್ನಡ ಮಾಸ್ತರು, ಅದೂ ಗಡಹಿಂಗ್ಲಜದಲ್ಲಿ. ತಪಕೀರು ಏರಿಸುವುದಿಲ್ಲ, ಅಷ್ಟೇ ಫರಕು. ವರ್ಷಗಟ್ಟಲೆ ತಾತ್ಪರ್ಯ ಬರೆಸಿದ್ದೇನೆ. ಮಕ್ಕಳು ಕಥೆಯ ಪುಟ ತೆರೆಯದೆ ಅದನ್ನು ಬಾಯಿಪಾಠ ಮಾಡುತ್ತಾರೆ. ನಾನು ಕೆಂಪು ಪೆನ್ನಿನಿಂದ ಸರಿ ಹಾಕುತ್ತೇನೆ, ಆಮೇಲೆ ಸಾಬೂನಿನಿಂದ ಕೈ ತೊಳೆಯುತ್ತೇನೆ. ಕಾಂಡಿಯ ಆಟ ಹೋಯಿತು, ಚಾಳವೂ ಹೋಯಿತು. ಅವುಗಳಿಗಾಗಿ ನಾನು ಮರುಗುವವನಲ್ಲ, ಅಲ್ಲಿ ತಿಗಣೆ ಬಹಳ ಇದ್ದವು. ಆದರೆ ಒಂದು ಐತವಾರ ನನಗೆ ಬರಬೇಕಿತ್ತು, ಅದು ಬರಲೇ ಇಲ್ಲ.

ಮೊನ್ನೆ ಎಂಟನೇ ವರ್ಗಕ್ಕೆ ಧೈರ್ಯ ಮಾಡಿ ಆ ಕಥೆ ಹೇಳಿದೆ. ಬಾಗಿಲ ಹತ್ತಿರ ನಿಲ್ಲಿಸಿದೆ.

"ಸರ್, ಬಾಗಲಾ ಬಡದಳೇನ್ರಿ?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಗೊತ್ತಿಲ್ಲವ್ವಾ."

"ಗೊತ್ತಿಲ್ಲದ ಕತಿ ಯಾಕ ಹೇಳಿದ್ರಿ ಮತ್ತ?"

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ನೆಗಡಿ ಹಿಡಿದ ಹುಡುಗನೊಬ್ಬ ಎದ್ದು ಏನೋ ಕೇಳಿದ. ತಾತ್ಪರ್ಯವನ್ನೇ ಕೇಳಿರಬೇಕು. ನನಗೆ ಮಾತ್ರ ಅದು ಹಳೆಯ ಹಾಗೆಯೇ ಕೇಳಿಸಿತು.

"ನಂದು" ಅಂದೆ.

ಮಕ್ಕಳೆಲ್ಲ ತಲೆ ತಗ್ಗಿಸಿ ಅದನ್ನು ಬರೆದುಕೊಂಡರು.